ಪ್ರೋಬ್ ಹಿಡಿದ ಕೈಗೆ ಅಂಕ ಕೊಡುವುದು ಹೇಗೆ?

ಮೈಸೂರಿನಿಂದ ಊಟಿ ಹೆದ್ದಾರಿ ಹಿಡಿದರೆ ಸುಮಾರು 25 ಕಿಲೋಮೀಟರಿಗೆ ನಂಜನಗೂಡು. ಕೊಳ್ಳೇಗಾಲದ ರಸ್ತೆ ಹಿಡಿದರೆ ಸುಮಾರು 30 ಕಿಲೋಮೀಟರಿಗೆ ತಿ. ನರಸೀಪುರ. ಎರಡೂ ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯರನ್ನು ಕಾಡುವ ಪ್ರಶ್ನೆ ಒಂದೇ: ಇಲ್ಲೇ ಇಟ್ಟುಕೊಳ್ಳುವುದೋ, ಮೈಸೂರಿಗೆ ಕಳಿಸುವುದೋ? ಬೈಕಿನಿಂದ ಬಿದ್ದ ಹುಡುಗ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾನೆ. ಬಿಪಿ ಸದ್ಯಕ್ಕೆ ಪರವಾಗಿಲ್ಲ, ಇನ್ನರ್ಧ ಗಂಟೆಗೆ ಹೇಗಿರುತ್ತದೋ ಗೊತ್ತಿಲ್ಲ. ಪಕ್ಕದ ಮಂಚದ ಅಜ್ಜಿಗೆ ಮಲಗಿದರೆ ಉಸಿರು ಕಟ್ಟುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದೆಯೋ, ಹಳೇ ಉಬ್ಬಸ ಕೆರಳಿದೆಯೋ, ಸ್ಟೆತಾಸ್ಕೋಪಿಗೆ ಎರಡೂ ಹೆಚ್ಚು ಕಡಿಮೆ ಒಂದೇ ಥರ ಕೇಳಿಸುತ್ತದೆ. ಮೊದಲನೆಯದಕ್ಕೆ ಕೊಡುವ ಔಷಧವೇ ಬೇರೆ, ಎರಡನೆಯದಕ್ಕೆ ಕೊಡುವುದೇ ಬೇರೆ.

ಈ ರಸ್ತೆಗಳ ಮೇಲೆ ಏನು ನಡೆಯುತ್ತದೆ ಎಂಬುದನ್ನು ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 2023ರ ಮೇ 29ರಂದು ತಿ. ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಖಾಸಗಿ ಬಸ್ಸು ಮತ್ತು ಕಾರು ಮುಖಾಮುಖಿಯಾಗಿ ಬಳ್ಳಾರಿ ಕಡೆಯಿಂದ ಪ್ರವಾಸಕ್ಕೆ ಬಂದಿದ್ದ 10 ಮಂದಿ ಸತ್ತರು. ನಂಜನಗೂಡಿನ ಕಥೆ ಇನ್ನೊಂದು ಬಗೆ. ಕೈಗಾರಿಕಾ ಪ್ರದೇಶದ ಲಾರಿಗಳು, ದೇವಸ್ಥಾನಕ್ಕೆ ಬರುವ ಬಸ್ಸುಗಳು, ಗುಂಡ್ಲುಪೇಟೆ ದಾಟಿ ಕೇರಳಕ್ಕೂ ಊಟಿಗೂ ಹೋಗುವ ವಾಹನಗಳು ಒಂದೇ ದಾರಿಯಲ್ಲಿ ಸಾಗುತ್ತವೆ. 2020ರ ಮಾರ್ಚಿನಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರನಿಗೆ ಕೋವಿಡ್ ಪತ್ತೆಯಾದಾಗ ನಂಜನಗೂಡು ರಾಜ್ಯದ ಮೊದಲ ದೊಡ್ಡ ಸೋಂಕು ಕೇಂದ್ರಗಳಲ್ಲಿ ಒಂದಾಯಿತು. ಆ ವರ್ಷವೇ ಲೋಕದ ನಾನಾ ಕಡೆ ವೈದ್ಯರು ಶ್ವಾಸಕೋಶ ನೋಡಲು ಸಿಟಿ ಸ್ಕ್ಯಾನಿನ ಕೋಣೆಗೆ ರೋಗಿಯನ್ನು ತಳ್ಳಿಕೊಂಡು ಹೋಗುವ ಬದಲು ಅಲ್ಟ್ರಾಸೌಂಡನ್ನೇ ಮಂಚದ ಬಳಿಗೆ ತರುವ ಅಭ್ಯಾಸಕ್ಕೆ ಬಿದ್ದರು.

ಹಾಸಿಗೆ ಪಕ್ಕದ ಸ್ಕ್ಯಾನು ಎಂದರೆ ಅದೇ. ರೇಡಿಯಾಲಜಿಸ್ಟರು ಕತ್ತಲೆ ಕೋಣೆಯಲ್ಲಿ ಕೂತು ಲಿವರಿನಿಂದ ಮೂತ್ರಕೋಶದವರೆಗೆ ಒಂದೂ ಬಿಡದೆ ನೋಡಿ ಬರೆದುಕೊಡುವ ವರದಿಗೆ ಇದು ಬದಲಿ ಅಲ್ಲ. ಎದುರಿಗಿರುವ ರೋಗಿಯ ಬಗ್ಗೆ ಎದುರಿಗಿರುವ ವೈದ್ಯರೇ ಒಂದೆರಡು ಪ್ರಶ್ನೆ ಕೇಳಿ ಹೌದು, ಇಲ್ಲ ಎಂಬ ಉತ್ತರ ತೆಗೆಯುವ ಕೆಲಸ. ಹೊಟ್ಟೆಯಲ್ಲಿ ರಕ್ತ ನಿಂತಿದೆಯೇ? ಹೃದಯದ ಸುತ್ತ ನೀರು ಕಟ್ಟಿದೆಯೇ? ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡು ಜಾರುತ್ತಿದೆಯೇ, ಬಿಟ್ಟುಕೊಂಡಿದೆಯೇ? ಮೂತ್ರ ಕಟ್ಟಿದೆಯೇ?

ಯಂತ್ರ ಹಳೆಯದು, ಅದು ಕೈಗೆ ಬಂದದ್ದು ಮಾತ್ರ ಇತ್ತೀಚೆಗೆ. ಗ್ಲಾಸ್ಗೋದ ಹೆರಿಗೆ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋದ. ಲೋಹದೊಳಗಿನ ಬಿರುಕು ಹುಡುಕಲು ಅಲ್ಲಿ ಬಳಸುತ್ತಿದ್ದ ಶಬ್ದತರಂಗದ ಯಂತ್ರಕ್ಕೆ ಗೆಡ್ಡೆಯೂ ನೀರುಗಂಟೂ ಬೇರೆ ಬೇರೆಯಾಗಿ ಕಂಡವು. 1958ರಲ್ಲಿ ಅವನೂ ಸಹೋದ್ಯೋಗಿಗಳೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ವಾಸಿಯಾಗದ ಹೊಟ್ಟೆ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿ ಇದ್ದದ್ದು ಅಂಡಾಶಯದ ದೊಡ್ಡ ನೀರುಗಂಟು ಎಂದು ತಿಳಿದದ್ದು, ಅದನ್ನು ತೆಗೆದು ಅವಳು ಬದುಕಿಕೊಂಡದ್ದು ಆ ಯಂತ್ರಕ್ಕೆ ಹೆಸರು ತಂದ ಸಂಗತಿ. ಅಲ್ಲಿಂದ ಆರು ದಶಕ ಕಳೆದು 2017ರಲ್ಲಿ ಫೋನಿಗೆ ಸಿಕ್ಕಿಸಿಕೊಳ್ಳುವ ಬಟರ್‌ಫ್ಲೈ ಪ್ರೋಬಿಗೆ ಅಮೆರಿಕದ ಔಷಧ ಆಡಳಿತ ಅನುಮತಿ ಕೊಟ್ಟಿತು. ಆಗ ಅದರ ಬೆಲೆ 2,000 ಡಾಲರಿಗಿಂತ ಕಡಿಮೆ ಇತ್ತು.

ಕೈಗೆ ಬಂದದ್ದನ್ನು ವಿದ್ಯಾರ್ಥಿಗಳಿಗೆ ಕಲಿಸದೆ ಇರಲಾಗುತ್ತದೆಯೇ? ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯ 2006ರಲ್ಲೇ ವೈದ್ಯ ಪದವಿಯ ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಅಲ್ಟ್ರಾಸೌಂಡನ್ನು ಪಠ್ಯದಲ್ಲಿ ಹೆಣೆಯಿತು. ಅದಕ್ಕೂ ಒಂದು ವರ್ಷ ಮೊದಲು, 2005ರಲ್ಲಿ, ಲಾಸ್ ಏಂಜಲೀಸಿನ ಒಂದು ಅಧ್ಯಯನ ಹಿರಿಯರಿಗೆ ಸ್ವಲ್ಪ ಇರಿಸುಮುರಿಸು ತಂದಿತ್ತು. 18 ಗಂಟೆ ತರಬೇತಿ ಪಡೆದ ಮೊದಲ ವರ್ಷದ ವಿದ್ಯಾರ್ಥಿಗಳು ಕೈ ಸ್ಕ್ಯಾನರ್ ಹಿಡಿದು 61 ಹೃದ್ರೋಗಿಗಳನ್ನು ನೋಡಿದರು. ಹೃದ್ರೋಗ ತಜ್ಞರು ಅದೇ ರೋಗಿಗಳನ್ನು ಕಣ್ಣು, ಕೈ, ಸ್ಟೆತಾಸ್ಕೋಪಿನಿಂದ ಪರೀಕ್ಷಿಸಿದರು. ಇದ್ದ ದೋಷಗಳಲ್ಲಿ ವಿದ್ಯಾರ್ಥಿಗಳು ಶೇ. 75ನ್ನು ಗುರುತಿಸಿದರೆ ತಜ್ಞರು ಗುರುತಿಸಿದ್ದು ಶೇ. 49. ಈ ಅಂಕಿಯನ್ನು ಮಾರಾಟ ಪ್ರತಿನಿಧಿಗಳು ಬಹಳ ಪ್ರೀತಿಯಿಂದ ಉದ್ಧರಿಸುತ್ತಾರೆ. ಆ ವಿದ್ಯಾರ್ಥಿಗಳು ಒಟ್ಟು ಇಬ್ಬರೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇಬ್ಬರು ಜಾಣರಿಗೆ ಕಲಿಸಬಹುದು ಎಂದು ಗೊತ್ತಾಯಿತು, ಸರಿ. ಒಂದು ಬ್ಯಾಚಿನ 150 ಮಂದಿಗೆ ಕಲಿಸಿದ ಮೇಲೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ತಿಳಿಯುವುದು ಹೇಗೆ?

ಈ ಉಪನ್ಯಾಸ ಹಿಡಿದು ಹೊರಟಿರುವುದು ಆ ಪ್ರಶ್ನೆಯನ್ನು.

ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಜೆಎಸ್‌ಎಸ್ ವೈದ್ಯಕೀಯ ಕಾಲೇಜು 1984ರದು. ಅದರ ವಿದ್ಯಾರ್ಥಿಗಳು ಗ್ರಾಮೀಣ ಆರೋಗ್ಯ ಕಲಿಯಲು ಹೋಗುವ ಸುತ್ತೂರು ನಂಜನಗೂಡು ತಾಲ್ಲೂಕಿನಲ್ಲೇ ಇದೆ. ಇಂಥ ಕಾಲೇಜುಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪ್ರಾಕ್ಟಿಕಲ್ ಪರೀಕ್ಷೆಯ ಮೈಕಟ್ಟು ಎಲ್ಲ ಹಳೆಯ ವಿದ್ಯಾರ್ಥಿಗಳಿಗೂ ಗೊತ್ತು: ಒಂದು ಲಾಂಗ್ ಕೇಸು, ಒಂದೆರಡು ಶಾರ್ಟ್ ಕೇಸು, ಕೊನೆಗೆ ವೈವಾ. ಗುಲ್ಮ ದೊಡ್ಡದಾದ ರೋಗಿ ಪರೀಕ್ಷೆಯ ಹೊತ್ತಿಗೆ ವಾರ್ಡಿನಲ್ಲಿದ್ದರೆ ಅವನಿಗೆ ರಾಜಮರ್ಯಾದೆ. ವಿದ್ಯಾರ್ಥಿ ಹೊಟ್ಟೆ ಮುಟ್ಟಿ "ಗುಲ್ಮ ಮೂರು ಬೆರಳು ಸಿಗುತ್ತದೆ ಸಾರ್" ಎನ್ನುತ್ತಾನೆ. ಅವನ ಬೆರಳಿಗೆ ನಿಜಕ್ಕೂ ಸಿಕ್ಕಿತೋ, ಹಿಂದಿನ ಬೆಂಚಿನ ಗೆಳೆಯ ಹೇಳಿಕೊಟ್ಟನೋ, ಪರೀಕ್ಷಕರಿಗೆ ತಿಳಿಯುವ ದಾರಿಯಿಲ್ಲ. ಬೆರಳ ತುದಿಯ ಅನುಭವ ಎರಡನೆಯವರಿಗೆ ಕಾಣುವಂಥದ್ದಲ್ಲ.

ಅಲ್ಟ್ರಾಸೌಂಡು ಇಲ್ಲೊಂದು ವಿಚಿತ್ರ ಅನುಕೂಲ ಮಾಡಿಕೊಟ್ಟಿದೆ. ವಿದ್ಯಾರ್ಥಿಗೆ ಕಂಡದ್ದು ಪರದೆಯ ಮೇಲೆ ಪರೀಕ್ಷಕರಿಗೂ ಕಾಣುತ್ತದೆ, ರೋಗಿಗೂ ಕಾಣುತ್ತದೆ. ಪ್ರೋಬ್ ಎಲ್ಲಿಟ್ಟ, ಎಷ್ಟು ಹೊತ್ತು ತಡಕಾಡಿದ, ಸಿಕ್ಕ ಚಿತ್ರವನ್ನು ಗುರುತಿಸಿದನೋ ದಾಟಿಕೊಂಡು ಹೋದನೋ, ಎಲ್ಲ ಬಯಲು. ವಿಡಿಯೊ ಉಳಿಸಿಕೊಂಡರೆ ನಾಳೆ ಇನ್ನೊಬ್ಬರೂ ಅಂಕ ಹಾಕಬಹುದು. ಈ ಅನುಕೂಲದ ಮಗ್ಗುಲಲ್ಲೇ ಒಂದು ಹಳ್ಳವೂ ಇದೆ. ಎದುರಿಗೆ ಚಿತ್ರ ಇರುವುದರಿಂದ ಪರೀಕ್ಷಕರು ಚಿತ್ರಕ್ಕೇ ಅಂಕ ಕೊಟ್ಟು ಎದ್ದುಬಿಡುತ್ತಾರೆ.

ಹೊಟ್ಟೆಯ ಬಲಭಾಗದ ಒಂದೇ ನೋಟವನ್ನು ತೆಗೆದುಕೊಂಡು ನೋಡಿ. ಗಾಯಾಳುವನ್ನು ಅಂಗಾತ ಮಲಗಿಸಿದಾಗ ಹೊಟ್ಟೆಯಲ್ಲಿ ಸೋರಿದ ರಕ್ತ ಬಂದು ನಿಲ್ಲುವ ತಗ್ಗುಗಳಲ್ಲಿ ಲಿವರಿಗೂ ಬಲ ಮೂತ್ರಪಿಂಡಕ್ಕೂ ನಡುವಿನ ಸಂದು ಒಂದು. ಮಾರಿಸನ್ಸ್ ಪೌಚ್ ಎಂದು ಅದರ ಹೆಸರು. ಕೊನೆಯ ಪಕ್ಕೆಲುಬುಗಳ ಮೇಲೆ, ಕಂಕುಳಿಂದ ನೇರ ಕೆಳಗಿಳಿದ ಗೆರೆಯಲ್ಲಿ ಪ್ರೋಬ್ ಇಡಬೇಕು. ಪ್ರೋಬಿನ ಗುರುತು ತಲೆಯ ಕಡೆಗಿರಬೇಕು. ಪಕ್ಕೆಲುಬಿನ ನೆರಳು ಅಡ್ಡ ಬಂದರೆ ಪ್ರೋಬನ್ನು ಕೊಂಚ ಓರೆ ಮಾಡಿ ಎರಡು ಎಲುಬಿನ ನಡುವೆ ತೂರಿಸಬೇಕು. ಲಿವರ್ ಬೂದು ಬಣ್ಣದಲ್ಲಿ, ಮೂತ್ರಪಿಂಡ ಅದರ ಕೆಳಗೆ, ನಡುವೆ ಬೆಳ್ಳಗಿನ ತೆಳು ಗೆರೆ. ಆ ಗೆರೆಯ ಜಾಗದಲ್ಲಿ ಕಪ್ಪು ಪಟ್ಟಿ ಕಂಡರೆ ದ್ರವ ನಿಂತಿದೆ ಎಂದರ್ಥ. ಪುಸ್ತಕದ ಚಿತ್ರ ಸಿಕ್ಕಿತೆಂದು ಹೊಸಬರು ಅಲ್ಲಿಗೇ ಕೈ ತೆಗೆಯುತ್ತಾರೆ. ಪಳಗಿದವರು ಮುಂದೆ ಹಿಂದೆ ಬೀಸಣಿಗೆ ಆಡಿಸಿದಂತೆ ಪ್ರೋಬನ್ನು ವಾಲಿಸಿ, ಲಿವರಿನ ಕೆಳತುದಿ ಕಾಣುವವರೆಗೂ ಜಾರಿಸುತ್ತಾರೆ, ಏಕೆಂದರೆ ಸ್ವಲ್ಪವೇ ರಕ್ತ ಸೋರಿದ್ದರೆ ಅದು ಮೊದಲು ಸೇರುವುದು ಆ ತುದಿಯ ಬಳಿ.

ಎಲ್ಲ ಸರಿಯಾಗಿ ಮಾಡಿಯೂ ಕಪ್ಪು ಪಟ್ಟಿ ಕಾಣಲಿಲ್ಲ ಎನ್ನೋಣ. ಹಾಗಾದರೆ ರಕ್ತ ಇಲ್ಲವೇ? 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಟ್ಟೆಯೊಳಕ್ಕೆ ದ್ರವ ಹಾಯಿಸಿ ತೊಳೆದು ನೋಡುವ ಪರೀಕ್ಷೆಗೆ ಒಳಗಾದ ಗಾಯಾಳುಗಳನ್ನೇ ಆರಿಸಿಕೊಂಡರು. ದ್ರವ ಎಷ್ಟು ಹೋಗಿದೆ ಎಂದು ಸ್ಕ್ಯಾನ್ ಮಾಡುವವರಿಗೆ ಹೇಳಲಿಲ್ಲ. ಈ ಸಂದಿನಲ್ಲಿ ದ್ರವ ಮೊದಲು ಕಂಡದ್ದು ಸರಾಸರಿ 619 ಮಿಲಿಲೀಟರ್ ಒಳಗೆ ಹೋದ ಮೇಲೆ. 400 ಮಿಲಿಲೀಟರಿಗಿಂತ ಕಡಿಮೆ ಇದ್ದಾಗಲೇ ಹಿಡಿದವರು ಹತ್ತರಲ್ಲಿ ಒಬ್ಬರು. ಅಂದರೆ ಅರ್ಧ ಲೀಟರ್ ರಕ್ತ ಹೊಟ್ಟೆಯಲ್ಲಿ ನಿಂತಿದ್ದರೂ ಪರದೆ ಸ್ವಚ್ಛವಾಗಿ ಕಾಣಬಹುದು.

ಪರೀಕ್ಷೆಯ ತಿರುಳು ಇಲ್ಲಿದೆ ಎಂಬುದು ಈ ಉಪನ್ಯಾಸದ ವಾದ. ಒಳ್ಳೆಯ ಚಿತ್ರ ತೆಗೆದ ವಿದ್ಯಾರ್ಥಿ "ನಾರ್ಮಲ್ ಸಾರ್" ಎಂದು ಕೈ ಒರೆಸಿಕೊಂಡರೆ ಅವನಿಗೆ ಪಾಸಿನ ಅಂಕ ಸಲ್ಲದು. "ಈಗ ಕಾಣುತ್ತಿಲ್ಲ, ಅರ್ಧ ಗಂಟೆಗೆ ಮತ್ತೆ ನೋಡುತ್ತೇನೆ, ಅಷ್ಟರಲ್ಲಿ ನಾಡಿ ಏರಿದರೆ ಸ್ಕ್ಯಾನಿಗೆ ಕಾಯದೆ ಮೈಸೂರಿಗೆ ಕಳಿಸುತ್ತೇನೆ" ಎನ್ನುವವಳ ಚಿತ್ರ ಸ್ವಲ್ಪ ಮಸುಕಾಗಿದ್ದರೂ ರಾತ್ರಿ ಪಾಳಿಗೆ ಅವಳೇ ವಾಸಿ. "ಗ್ಯಾಸ್ ತುಂಬಿದೆ, ನನಗೆ ಏನೂ ಸ್ಪಷ್ಟವಾಗುತ್ತಿಲ್ಲ" ಎಂದು ಒಪ್ಪಿಕೊಳ್ಳುವುದಕ್ಕೂ ಅಂಕ ಬೇಕು. ನಮ್ಮ ಪರೀಕ್ಷಾ ಕೊಠಡಿಗಳಲ್ಲಿ ಆ ಮಾತಿಗೆ ಇಂದಿನವರೆಗೆ ಸಿಕ್ಕಿರುವುದು ಸೊನ್ನೆ. ಆದ್ದರಿಂದಲೇ ವಿದ್ಯಾರ್ಥಿ ಕಾಣದ್ದನ್ನೂ ಕಂಡೆ ಎನ್ನುವುದನ್ನು ರೂಢಿಸಿಕೊಳ್ಳುತ್ತಾನೆ.

ಕೌಶಲವನ್ನು ಅಳೆಯುವ ಮಾದರಿಗಳಿಗೇನೂ ಬರವಿಲ್ಲ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ವಿವರಿಸಿದ ಓಸ್ಕಿ ಪದ್ಧತಿ ಈಗ ಮೈಸೂರಿನ ವಿದ್ಯಾರ್ಥಿಗಳಿಗೂ ಪರಿಚಿತ. ಗಂಟೆ ಹೊಡೆದಂತೆ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಸರಿಯುತ್ತ ಹೋಗುವುದು, ಪ್ರತಿಯೊಂದರಲ್ಲೂ ಒಂದು ಸಣ್ಣ ಕೆಲಸ, ಪರೀಕ್ಷಕರ ಕೈಯಲ್ಲೊಂದು ಚೆಕ್‌ಲಿಸ್ಟು. ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯ ಕಲಿಕೆಗೆ ನಾಲ್ಕು ಮೆಟ್ಟಿಲು ಹಾಕಿದ: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸಬಲ್ಲೆ, ನಿತ್ಯ ಮಾಡುತ್ತೇನೆ. 2019ರಲ್ಲಿ ನಮ್ಮ ದೇಶದಲ್ಲಿ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯ ಪ್ರತಿಯೊಂದು ಸಾಮರ್ಥ್ಯದ ಮುಂದೆ ಇದೇ ಮೆಟ್ಟಿಲುಗಳ ಇಂಗ್ಲಿಷ್ ಆದ್ಯಕ್ಷರ ಬರೆದಿದೆ. ಕಾಲೇಜಿಗೊಂದು ಸ್ಕಿಲ್ ಲ್ಯಾಬ್ ಕಡ್ಡಾಯವಾಗಿದೆ.

ಅಲ್ಟ್ರಾಸೌಂಡಿಗೆಂದೇ ಇರುವ ಮಾಪನಗಳಲ್ಲಿ ಹೆಚ್ಚು ಹೆಸರಾದದ್ದು ಡೆನ್ಮಾರ್ಕಿನ ಮಾರ್ಟಿನ್ ಟೋಲ್ಸ್‌ಗಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಹಲವು ವಿಭಾಗಗಳ ತಜ್ಞರನ್ನು ಕೇಳಿ ರೂಪಿಸಿದ ಓಸಾಸ್. ಅದರಲ್ಲಿ ಏಳು ಬಾಬ್ತು. ಸ್ಕ್ಯಾನ್ ಯಾಕೆ ಬೇಕು, ಯಂತ್ರದ ತಿಳಿವಳಿಕೆ ಎಷ್ಟಿದೆ, ಚಿತ್ರವನ್ನು ತಿದ್ದಿಕೊಳ್ಳಲು ಬರುತ್ತದೆಯೇ, ಕ್ರಮ ತಪ್ಪದೆ ನೋಡಿದನೇ, ಕಂಡದ್ದರ ಅರ್ಥ ಹೇಳಿದನೇ, ಬರೆದಿಟ್ಟನೇ, ಕೊನೆಗೆ ಚಿಕಿತ್ಸೆಯ ತೀರ್ಮಾನಕ್ಕೆ ಬಂದನೇ. ಒಂದೊಂದಕ್ಕೂ ಒಂದರಿಂದ ಐದು ಅಂಕ. ಬಹಳ ಅಚ್ಚುಕಟ್ಟಾದ ಪಟ್ಟಿ. ಆದರೆ ಮೊದಲನೆಯ ಬಾಬ್ತು ಮತ್ತು ಕೊನೆಯ ಬಾಬ್ತನ್ನು ಅದು ಅನ್ವಯವಾದರೆ ಮಾತ್ರ ಅಳೆಯಿರಿ ಎಂದು ಪಕ್ಕಕ್ಕೆ ಇಟ್ಟಿದೆ. ತಜ್ಞರು ತುಂಬಿದ, ಸ್ಕ್ಯಾನ್ ಮಾಡುವವರೇ ಬೇರೆ, ತೀರ್ಮಾನ ಮಾಡುವವರೇ ಬೇರೆ ಆಗಿರುವ ಆಸ್ಪತ್ರೆಗೆ ಅದು ಸರಿಹೋದೀತು. ನಂಜನಗೂಡಿನಲ್ಲಿ ರಾತ್ರಿ ಎರಡು ಗಂಟೆಗೆ ಬೇಕಾಗಿರುವುದು ಆ ಎರಡೇ. ಕೋಪನ್‌ಹೇಗನ್ನಿನಲ್ಲಿ ಐಚ್ಛಿಕವಾದದ್ದು ಇಲ್ಲಿ ಕಡ್ಡಾಯ ಪ್ರಶ್ನೆಯಾಗಬೇಕು.

ಇನ್ನೊಂದು ಸುಲಭದ ದಾರಿ ಸಂಖ್ಯೆ. ಅಮೆರಿಕದ ತುರ್ತು ವೈದ್ಯರ ಸಂಘ ಪ್ರತಿ ಬಗೆಯ ಹಾಸಿಗೆ ಪಕ್ಕದ ಸ್ಕ್ಯಾನಿಗೆ 25ರಿಂದ 50 ಬಾರಿ ಮಾಡಿರಬೇಕು ಎನ್ನುತ್ತದೆ. ಸಂಖ್ಯೆ ಹೇಳಿದ ಕೂಡಲೇ ನಮ್ಮಲ್ಲಿ ಲಾಗ್‌ಬುಕ್ ಹುಟ್ಟುತ್ತದೆ. ಲಾಗ್‌ಬುಕ್ ತುಂಬುವ ಕಲೆಯಲ್ಲಿ ಭಾರತದ ಹೌಸ್ ಸರ್ಜನ್ನರನ್ನು ಮೀರಿಸುವವರು ಯಾರೂ ಇರಲಾರರು. ಪೋಸ್ಟಿಂಗ್ ಮುಗಿಯುವ ಹಿಂದಿನ ಸಂಜೆ ಹಾಸ್ಟೆಲಿನಲ್ಲಿ ಕೂತು, ಎರಡು ಬಣ್ಣದ ಪೆನ್ನು ಇಟ್ಟುಕೊಂಡು, ಮೂರು ತಿಂಗಳ ಅನುಭವವನ್ನು ಮೂರು ಗಂಟೆಯಲ್ಲಿ ಗಳಿಸುವವರಿದ್ದಾರೆ. ಸಹಿ ಹಾಕುವವರಿಗೂ ಅದು ಗೊತ್ತು. ಪ್ರಾಮಾಣಿಕವಾಗಿ ಐವತ್ತು ಮಾಡಿದರೂ ತಪ್ಪಾಗಿ ಐವತ್ತು ಮಾಡಿರಲಿಕ್ಕೂ ಸಾಕು. ಪಕ್ಕದಲ್ಲಿ ನಿಂತು ತಿದ್ದುವವರಿಲ್ಲದ ಅಭ್ಯಾಸ ತಪ್ಪನ್ನೇ ಗಟ್ಟಿ ಮಾಡುತ್ತದೆ.

ಇಷ್ಟಾದರೂ ಬೇರೆ ದೇಶದ ಚೆಕ್‌ಲಿಸ್ಟನ್ನು ತಂದು ಇಲ್ಲಿ ಹಾಸುವುದಕ್ಕೆ ಇನ್ನೊಂದು ಅಡ್ಡಿ ಇದೆ. ಅದು ಕಾನೂನಿನದು, ಕಾನೂನಿನ ಹಿಂದಿರುವ ನಮ್ಮ ಸಮಾಜದ್ದು.

ಯಾವ ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ನಿಂತರೂ ಮೊದಲು ಕಣ್ಣಿಗೆ ಬೀಳುವುದು ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಕನ್ನಡದ ಫಲಕ. 1994ರಲ್ಲಿ ಸಂಸತ್ತು ಒಪ್ಪಿ 1996ರಿಂದ ಜಾರಿಯಾದ ಪಿಸಿಪಿಎನ್‌ಡಿಟಿ ಕಾಯ್ದೆ ಆ ಫಲಕವನ್ನು ಕಡ್ಡಾಯ ಮಾಡಿದೆ. ಪ್ರತಿ ಯಂತ್ರಕ್ಕೂ ನೋಂದಣಿ ಬೇಕು. ಪ್ರತಿ ಬಸುರಿಯ ಸ್ಕ್ಯಾನಿಗೂ ಫಾರಂ ಎಫ್ ತುಂಬಬೇಕು, ಮಗುವಿನ ಲಿಂಗ ತಿಳಿಯಬಯಸುವುದಿಲ್ಲ ಎಂದು ತಾಯಿಯೂ, ತಿಳಿಸಿಲ್ಲ ಎಂದು ವೈದ್ಯರೂ ಸಹಿ ಮಾಡಬೇಕು. 2012ರಲ್ಲಿ ತಂದ ತಿದ್ದುಪಡಿ ಕೈಯಲ್ಲಿ ಒಯ್ಯುವ ಯಂತ್ರಗಳಿಗೆ ಮೂಗುದಾರ ಹಾಕಿತು. ನೋಂದಾಯಿತ ಆಸ್ಪತ್ರೆಯ ಆವರಣದಲ್ಲಿ ಅಥವಾ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಅವನ್ನು ಬಳಸಬಹುದು. ಅಮೆರಿಕದ ವಿದ್ಯಾರ್ಥಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಪ್ರೋಬನ್ನು ನಮ್ಮ ಹುಡುಗ ಮೈಸೂರಿನಿಂದ ಸುತ್ತೂರಿಗೆ ಬಸ್ಸಿನಲ್ಲಿ ಒಯ್ಯುವಂತಿಲ್ಲ.

ಅತಿಯಾಯಿತು ಎನ್ನುವವರು 2023ರ ನವೆಂಬರನ್ನು ನೆನೆಯಬೇಕು. ಬೆಂಗಳೂರು ಪೊಲೀಸರು ಭೇದಿಸಿದ ಹೆಣ್ಣುಭ್ರೂಣ ಹತ್ಯೆಯ ಜಾಲದಲ್ಲಿ ಸ್ಕ್ಯಾನ್ ಯಂತ್ರ ಇದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಗರ್ಭಪಾತದ ಕೊಂಡಿ ಮೈಸೂರಿಗೆ ಹಬ್ಬಿತ್ತು. ಬೆಲ್ಲ ಕಾಯಿಸುವ ಮರೆಯಲ್ಲಿ ಪ್ರೋಬ್ ಹಿಡಿದವರ ಕೈಚಳಕಕ್ಕೆ ಕೊರತೆ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಚಿತ್ರಕ್ಕೆ ಮಾತ್ರ ಅಂಕ ಕೊಡುವ ಪರೀಕ್ಷೆಯಲ್ಲಿ ಅವರೂ ಪಾಸಾಗುತ್ತಿದ್ದರು. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದುದು 2001ಕ್ಕೆ 927ಕ್ಕೆ ಇಳಿದದ್ದು ಸ್ಕ್ಯಾನಿಂಗ್ ಸೆಂಟರುಗಳು ಊರೂರಿಗೆ ಹಬ್ಬಿದ ದಶಕದಲ್ಲೇ.

ಹೀಗಾಗಿ ಭಾರತದಲ್ಲಿ ಅಲ್ಟ್ರಾಸೌಂಡ್ ಕೌಶಲದ ಪರೀಕ್ಷೆಯನ್ನು ಮೊದಲು ಬರೆದದ್ದು ಯಾವ ವೈದ್ಯಕೀಯ ವಿಶ್ವವಿದ್ಯಾಲಯವೂ ಅಲ್ಲ, ಈ ಕಾಯ್ದೆಯ ನಿಯಮಾವಳಿ ಎಂದರೆ ತಪ್ಪಾಗಲಾರದು. 2014ರ ನಿಯಮಗಳ ಪ್ರಕಾರ ಎಂಬಿಬಿಎಸ್ ಮುಗಿಸಿದವರು ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಬೇಕಾದರೆ ಆರು ತಿಂಗಳ, 300 ಗಂಟೆಯ ತರಬೇತಿ ಪಡೆಯಬೇಕು, ಲಾಗ್‌ಬುಕ್ ಇಡಬೇಕು, ಕೊನೆಗೆ ಸಾಮರ್ಥ್ಯದ ಪರೀಕ್ಷೆ ಪಾಸಾಗಬೇಕು. ಮೊದಲಿಂದ ಸ್ಕ್ಯಾನ್ ಮಾಡುತ್ತಿದ್ದವರೂ ಆ ಪರೀಕ್ಷೆಗೆ ಕೂರಬೇಕು. ದೆಹಲಿ ಹೈಕೋರ್ಟು 2016ರಲ್ಲಿ ಇದನ್ನು ಹೊಡೆದುಹಾಕಿತು, ಸುಪ್ರೀಂ ಕೋರ್ಟು 2018ರಲ್ಲಿ ಆ ತೀರ್ಪಿಗೆ ತಡೆ ಕೊಟ್ಟಿತು. ವ್ಯಾಜ್ಯದ ಹೊಯ್ದಾಟ ಏನೇ ಇರಲಿ, ಆ ನಿಯಮದ ಕಣ್ಣಿರುವುದು ಗರ್ಭಕೋಶದ ಮೇಲೆ. ಉಸಿರು ಕಟ್ಟಿದ ಅಜ್ಜಿಯ ಎದೆ, ಬೈಕಿನಿಂದ ಬಿದ್ದವನ ಹೊಟ್ಟೆ ಅದರ ಗುರಿಯಲ್ಲ. 300 ಗಂಟೆಯ ಕೋರ್ಸನ್ನು ಎಂಬಿಬಿಎಸ್ ಒಳಗೆ ತುರುಕಲು ಆಗುವುದೂ ಇಲ್ಲ.

ಹಾಗಾದರೆ ವಿದ್ಯಾರ್ಥಿಯನ್ನು ಯಾವುದರಲ್ಲಿ ಪರೀಕ್ಷಿಸಬೇಕು? ಪಟ್ಟಿ ಚಿಕ್ಕದಿರಬೇಕು. ಗಾಯಾಳುವಿನ ಹೊಟ್ಟೆ, ಹೃದಯದ ಸುತ್ತಲಿನ ನೀರು, ಶ್ವಾಸಕೋಶ, ಮೂತ್ರಕೋಶ. ಬಸುರಿಯ ಹೊಟ್ಟೆ ಇದರಲ್ಲಿ ಬೇಡ. ಈ ಬಿಟ್ಟುಕೊಡುವಿಕೆಗೆ ಬೆಲೆ ಇದ್ದೇ ಇದೆ. ಗರ್ಭಕೋಶದ ಹೊರಗೆ ಬಸುರು ನಿಂತು ಒಡೆದು ಬರುವ ಹೆಂಗಸಿಗೆ ಈ ಸ್ಕ್ಯಾನಿನಿಂದ ಆಗುವ ಉಪಕಾರ ಸಣ್ಣದಲ್ಲ. ಆದರೂ ಕಾನೂನು ಒಪ್ಪುವ ತಜ್ಞರ ಕೈಗೇ ಆ ಕೆಲಸ ಬಿಡುವುದು ಈಗಿನ ಸ್ಥಿತಿಯಲ್ಲಿ ಲೇಸು. ತಾಯಿ ಕಾರ್ಡ್ ಹಿಡಿದು ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಸಾಲು ನಿಲ್ಲುವ ಬಸುರಿಯರಿಗೆ ಬೇಕಾದದ್ದು ಪೂರ್ತಿ ಸ್ಕ್ಯಾನು. ಅಲ್ಲಿ ಕಲಿಯುವವರ ಕೈ ಪಳಗಿಸುವುದು ತರವಲ್ಲ.

ಇನ್ನು ಪರೀಕ್ಷೆ ಎಲ್ಲಿ ನಡೆಯಬೇಕು ಎಂಬುದು. ಸ್ಕಿಲ್ ಲ್ಯಾಬಿನ ರಬ್ಬರ್ ಬೊಂಬೆ ಬಹಳ ಒಳ್ಳೆಯ ರೋಗಿ: ನರಳುವುದಿಲ್ಲ, ಪಕ್ಕಕ್ಕೆ ತಿರುಗುವುದಿಲ್ಲ, ಜೆಲ್ಲಿ ತಣ್ಣಗಿದೆ ಎಂದು ಕಿರುಚುವುದಿಲ್ಲ, ಅದರ ಕರುಳಲ್ಲಿ ಗ್ಯಾಸ್ ಇಲ್ಲ. ಪ್ರೋಬ್ ಹಿಡಿಯುವುದನ್ನು ಅದರ ಮೇಲೆ ಕಲಿಯಲಿ. ಪರೀಕ್ಷೆ ಮಾತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಲಿ. ಈಗಿನ ನಿಯಮದಂತೆ ಇಂಟರ್ನ್‌ಶಿಪ್ಪಿನಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು. ಆ ಅವಧಿಯಲ್ಲೇ ನಂಜನಗೂಡು, ತಿ. ನರಸೀಪುರದಂಥ ಕಡೆ, ಆಸ್ಪತ್ರೆಯ ನೋಂದಾಯಿತ ಯಂತ್ರದಲ್ಲೇ, ಒಪ್ಪಿಗೆ ಕೊಟ್ಟ ರೋಗಿಯ ಮಂಚದ ಪಕ್ಕದಲ್ಲೇ ಪರೀಕ್ಷಕರು ನಿಂತು ನೋಡಲಿ. ಯಂತ್ರವನ್ನು ಹೊತ್ತು ತರುವ ಕಾನೂನಿನ ತೊಡಕೂ ಆಗ ಇರುವುದಿಲ್ಲ, ಪರೀಕ್ಷಕರನ್ನು ಹೊತ್ತು ತಂದರೆ ಸಾಕು.

ಅಲ್ಲಿ ಅಳೆಯಬೇಕಾದದ್ದರಲ್ಲಿ ಮಾತೂ ಸೇರಬೇಕು. ಅಖಿಲ ಭಾರತ ಕೋಟಾದಲ್ಲಿ ಸೀಟು ಪಡೆದು ಬಂದ ರಾಜಸ್ತಾನದ ಹುಡುಗ, ಕೇರಳದ ಹುಡುಗಿ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಒಂದಿಷ್ಟು ಕನ್ನಡ ಕಲಿತಿರುತ್ತಾರೆ. ಹುಲ್ಲಹಳ್ಳಿ ಕಡೆಯ ರೈತನಿಗೆ ಶರ್ಟು ಎಷ್ಟು ಸರಿಸಬೇಕು, ಯಾಕೆ ಉಸಿರು ಬಿಗಿಹಿಡಿಯಬೇಕು, ಇದು ದೊಡ್ಡ ಸ್ಕ್ಯಾನ್ ಅಲ್ಲ ಎಂಬುದನ್ನು ಹೇಳಿ ಒಪ್ಪಿಸಲು ಅಷ್ಟು ಸಾಲದು. "ಏನಾದ್ರೂ ಐತಾ ಡಾಕ್ಟ್ರೇ?" ಎಂದು ಮಗ ಕೇಳಿದಾಗ "ಏನೂ ಇಲ್ಲ, ಮನೆಗೆ ಹೋಗಿ" ಎಂಬ ಉತ್ತರ ಬಂದರೆ ಅಂಕ ಕಳೆಯಬೇಕು. ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನು ಇಡೀ ದೇಹದ ಸರ್ಟಿಫಿಕೇಟು ಎಂದು ಮನೆಯವರು ತಿಳಿದರೆ ಎರಡು ದಿನದ ಹೊಟ್ಟೆನೋವನ್ನು ಸಹಿಸಿಕೊಂಡು ಕೂರುತ್ತಾರೆ.

ತಿ. ನರಸೀಪುರಕ್ಕೆ ಈ ವಿಷಯದಲ್ಲಿ ಅದರದೇ ಒಂದು ಸಂದರ್ಭ ಇದೆ. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಸೇರುವ ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. ಕೋವಿಡ್ ಕಾರಣಕ್ಕೆ 2022ರದು ತಪ್ಪಿ, 2025ರ ಫೆಬ್ರುವರಿ 10ರಿಂದ 12ರವರೆಗೆ ಮತ್ತೆ ನಡೆಯಿತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ಎಳೆಯುವಾಗಲೂ ಅಷ್ಟೇ ಜನಸಂದಣಿ. ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿ ಮಾಡಿ ಹಕೀಂ ನಂಜುಂಡ ಎನಿಸಿಕೊಂಡನೆಂಬ ಐತಿಹ್ಯದ ದೇವರ ಎದುರಿಗೂ ಆರೋಗ್ಯ ಇಲಾಖೆಯ ಟೆಂಟು ಬೇಕೇ ಬೇಕು. ಇಂಥ ಕಡೆ ಕೈ ಸ್ಕ್ಯಾನರ್ ಬಳಸುವುದಾದರೆ ಅದು ಸಂಚಾರಿ ಘಟಕದ ಹೆಸರಿನಲ್ಲಿ ಮೊದಲೇ ನೋಂದಣಿ ಆಗಿರಬೇಕು. ಬಿಸಿಲು, ಧೂಳು, ಮೈಕಿನ ಸದ್ದು, ಪರದೆ ಕಾಣದಷ್ಟು ಬೆಳಕು, ಸುತ್ತ ನಿಂತ ನೆಂಟರು. ಅಲ್ಲಿ ಒಂದು ದಿನ ಹಿರಿಯರ ಜೊತೆ ನಿಂತ ಹೌಸ್ ಸರ್ಜನ್‌ಗೆ ಯಾವ ಸ್ಟೇಷನ್ನಿನ ಗಂಟೆಯೂ ಹೆದರಿಕೆ ಹುಟ್ಟಿಸದು.

ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ, ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಹೃದಯದ ಚಿತ್ರ ಸಿಗುವವರೆಗೆ ಪ್ರೋಬನ್ನು ಎತ್ತ ವಾಲಿಸಬೇಕು ಎಂದು ಹೇಳಿಕೊಡುವ ತಂತ್ರಾಂಶಕ್ಕೆ ಅಮೆರಿಕದಲ್ಲಿ 2020ರ ಫೆಬ್ರುವರಿಯಲ್ಲೇ ಅನುಮತಿ ಸಿಕ್ಕಿದೆ. ಇನ್ನು ಕೆಲವು ವರ್ಷಗಳಲ್ಲಿ ಚಿತ್ರ ತೆಗೆಯುವ ಕಷ್ಟ ಅರ್ಧಕ್ಕರ್ಧ ಇಳಿದರೂ ಇಳಿಯಬಹುದು. ಆಗ ಓಸಾಸ್ ಪಟ್ಟಿಯ ನಡುವಿನ ಬಾಬ್ತುಗಳಿಗೆ ಎಲ್ಲರಿಗೂ ಐದಕ್ಕೆ ಐದು ಬಂದು, ಆ ಪಕ್ಕಕ್ಕಿಟ್ಟ ಎರಡು ಬಾಬ್ತುಗಳಷ್ಟೇ ಒಬ್ಬರಿಂದ ಒಬ್ಬರನ್ನು ಬೇರ್ಪಡಿಸುತ್ತವೆ.

ಉಳಿದದ್ದು ಪರೀಕ್ಷಕರ ಮಾತು. ಒಂದೇ ವಿಡಿಯೊಗೆ ಒಬ್ಬರು ನಾಲ್ಕು, ಇನ್ನೊಬ್ಬರು ಎರಡು ಹಾಕಿದರೆ ವಿದ್ಯಾರ್ಥಿಯ ಕೌಶಲ ಅಳೆದಂತಾಗುವುದಿಲ್ಲ, ಪರೀಕ್ಷಕರ ಸ್ವಭಾವ ಅಳೆದಂತಾಗುತ್ತದೆ. ರೇಡಿಯಾಲಜಿಯವರು ಚಿತ್ರದ ಅಂದಕ್ಕೆ ಜೀವ ಬಿಡುತ್ತಾರೆ, ತುರ್ತು ಚಿಕಿತ್ಸೆಯವರು ಬೇಗ ಮುಗಿಸಿದವರನ್ನು ಮೆಚ್ಚುತ್ತಾರೆ. ಮೆಡಿಸಿನ್ ವಿಭಾಗದ ಹಿರಿಯರಲ್ಲಿ ಹಲವರು ಪ್ರೋಬನ್ನೇ ಹಿಡಿದವರಲ್ಲ. ಆದ್ದರಿಂದ ವಿದ್ಯಾರ್ಥಿಗಳಿಗೆ ತಾರೀಕು ಕೊಡುವ ಮೊದಲು ಪರೀಕ್ಷಕರನ್ನೂ, ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರನ್ನೂ ಒಂದು ಮಧ್ಯಾಹ್ನ ಒಟ್ಟಿಗೆ ಕೂರಿಸಿ, ರೋಗಿಯ ಗುರುತು ತೆಗೆದ ಇಪ್ಪತ್ತು ವಿಡಿಯೊ ತುಣುಕುಗಳಿಗೆ ಒಬ್ಬರದನ್ನೊಬ್ಬರು ನೋಡದಂತೆ ಅಂಕ ಹಾಕಿಸಬೇಕು. ಕೆಲವು ತುಣುಕುಗಳಲ್ಲಿ ಏನೂ ಸ್ಪಷ್ಟವಾಗಿ ಕಾಣಬಾರದು. ಅಂಕಗಳನ್ನು ಬೋರ್ಡಿನ ಮೇಲೆ ಬರೆದು, ಹೆಚ್ಚು ಅಂತರ ಬಂದ ತುಣುಕುಗಳನ್ನು ಮತ್ತೆ ಹಾಕಿ ಜಗಳವಾಡಲಿ. ಜಗಳ ತೀರಿದ ಮೇಲೆ ಎಷ್ಟು ಅಂಕಕ್ಕೆ ಪಾಸು ಎಂಬ ಗೆರೆಯನ್ನು ಅವರೇ ಎಳೆಯಲಿ, ಮತ್ತು ಅದೇ ಪರೀಕ್ಷೆಗೆ ತಾವೂ ಕೂತು ಆ ಗೆರೆಯಿಂದ ಕೆಳಗುಳಿದ ಪರೀಕ್ಷಕರು ಯಾವ ಹುದ್ದೆಯಲ್ಲಿದ್ದರೂ ಆ ವರ್ಷ ಅಂಕ ಹಾಕುವ ಪೆನ್ನು ಮುಟ್ಟುವುದು ಬೇಡ.